ಶೆಲ್ ಸ್ಕ್ರಿಪ್ಟನ್ನು ಓಡಿಸುವ ಮುಂಚೆ ಒಂದ್ಸಲ ತೋರಿಸಿ

ಕೋಲಾರದ ಒಂದು ಟೊಮೆಟೊ ಮಂಡಿಗೆ ಹಳೆ ಲೆಕ್ಕದ ಫೈಲು ಅಳಿಸುವ ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಬರೆದುಕೊಟ್ಟಿದ್ದೆ. ಮೊದಲು ಫೋಲ್ಡರಿಗೆ ಹೋಗುವ ಸಿಡಿ, ಆಮೇಲೆ ಅಳಿಸುವ ಆರ್‌ಎಂ, ಅಷ್ಟೇ. ಒಂದು ದಿನ ಯಾರೋ ಫೋಲ್ಡರಿನ ಹೆಸರು ಬದಲಿಸಿದರು, ಸಿಡಿ ಫೇಲ್ ಆಯಿತು, ಸ್ಕ್ರಿಪ್ಟ್ ಮಾತ್ರ ನಿಲ್ಲದೆ ಇದ್ದ ಜಾಗದಲ್ಲೇ ಎಲ್ಲ ಅಳಿಸಿ ಹಾಕಿತು. ಸೀಸನ್ ಟೈಮಲ್ಲಿ! ತಿಂದ ಬೈಗುಳ ಬಿಡಿ.

ಸ್ಕ್ರಿಪ್ಟನ್ನು ಓಡಿಸದೆಯೇ ತಪ್ಪು ಹುಡುಕುವ ಶೆಲ್‌ಚೆಕ್ ಅನ್ನುವ ಪ್ರೋಗ್ರಾಂ ಇದನ್ನು ಆಗಲೇ ಹಿಡಿಯುತ್ತಿತ್ತು. ಉಬುಂಟುವಿನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಶೆಲ್‌ಚೆಕ್’ ಸಾಕು, ಆಮೇಲೆ ಫೈಲಿನ ಹೆಸರು ಕೊಟ್ಟು ಓಡಿಸಿ. ಸಿಡಿ ಸಾಲಿಗೆ ಎಸ್‌ಸಿ2164 ಅನ್ನುವ ಎಚ್ಚರಿಕೆ ಬರುತ್ತದೆ. ಸಾಲಿನ ಕೊನೆಗೆ ಎರಡು ನಿಂತ ಗೆರೆ (||) ಹಾಕಿ ಎಕ್ಸಿಟ್ ಬರೆಯಿರಿ, ಸಿಡಿ ಫೇಲ್ ಆದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಜಾಸ್ತಿ ಕಾಣುವುದು ಎಸ್‌ಸಿ2086, ಅಂದರೆ ಫೈಲಿನ ಹೆಸರಿನಂಥದ್ದನ್ನು ಇಟ್ಟುಕೊಳ್ಳುವ ವೇರಿಯಬಲ್ ಸುತ್ತ ಡಬಲ್ ಕೋಟ್ ಇಲ್ಲ. ‘ಜುಲೈ ರೇಟು’ ಅನ್ನುವ ಫೈಲಿನ ಹೆಸರಲ್ಲಿ ಸ್ಪೇಸ್ ಇದೆ ಅಲ್ವಾ, ಕೋಟ್ ಇಲ್ಲದಿದ್ದರೆ ಶೆಲ್ ಅದನ್ನು ‘ಜುಲೈ’ ಒಂದು, ‘ರೇಟು’ ಒಂದು ಅಂತ ಎರಡು ಮಾಡಿಬಿಡುತ್ತದೆ. ಎಚ್ಚರಿಕೆಯನ್ನು ಸುಮ್ನೆ ಡಿಸೇಬಲ್ ಮಾಡಬೇಡಿ. ‘ಬ್ಯಾಷ್ -ಎನ್’ ಸಾಕು ಅನ್ನುವವರಿದ್ದಾರೆ, ಅದು ಸಿಂಟ್ಯಾಕ್ಸ್, ಅಂದರೆ ಬರವಣಿಗೆಯ ವ್ಯಾಕರಣ ಮಾತ್ರ ನೋಡುತ್ತದೆ.

ಆದರೆ ನಿಮ್ಮ ಮನಸ್ಸಲ್ಲಿ ಏನಿತ್ತು ಅಂತ ಶೆಲ್‌ಚೆಕ್‌ಗೆ ಹೇಗೆ ಗೊತ್ತಾಗಬೇಕು? ಹಳೆ ಫೈಲು ಹುಡುಕುವ ಫೈಂಡ್ ಕಮಾಂಡಿನಲ್ಲಿ 30 ದಿನದ ಬದಲು 3 ಬರೆದು ಡಿಲೀಟ್ ಕೊಟ್ಟರೂ ಅದು ತುಟಿ ಬಿಚ್ಚುವುದಿಲ್ಲ. ಅದಕ್ಕೇ ಇನ್ನೊಬ್ಬರು ಓದಬೇಕು, ಅದೂ ಶೆಲ್‌ಚೆಕ್ ಮುಗಿದ ಮೇಲೆ, ಇಲ್ಲದಿದ್ದರೆ ಪಾಪ ಅವರು ಕೋಟ್ ಎಣಿಸುತ್ತಾ ಕೂರುತ್ತಾರೆ. ಓದುವವರು ಆರ್‌ಎಂ, ಫೈಲು ಸರಿಸುವ ಎಂವಿ ಇರುವ ಸಾಲಿನಲ್ಲಿ ನಿಂತು ‘ಈ ವೇರಿಯಬಲ್ ಖಾಲಿ ಇದ್ದರೆ?’ ಅಂತ ಕೇಳಲಿ. ನಾವು ಈಗ ಫೈಂಡ್‌ನ ಡಿಲೀಟ್ ಜಾಗದಲ್ಲಿ ಮೊದಲು ಹೆಸರು ಮಾತ್ರ ತೋರಿಸುವ ಪ್ರಿಂಟ್ ಹಾಕಿ, ಬಂದ ಪಟ್ಟಿಯನ್ನು ಇಬ್ಬರೂ ನೋಡಿದ ಮೇಲೇ ಬದಲಿಸುತ್ತೇವೆ.