ಬಂದು ಹೋಗುವ ದೋಷಗಳೊಡನೆ ಹಳೆಯ ಜೀಪು

ಚಿತ್ರದುರ್ಗದಿಂದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗುವ ಏರಿನಲ್ಲಿ ಕೈಕೊಟ್ಟ ಹಳೆಯ ಡೀಸೆಲ್ ಜೀಪು ಮೆಕ್ಯಾನಿಕ್ ಬಂದೊಡನೆ ಏನೂ ಆಗಿಲ್ಲವೆಂಬಂತೆ ಓಡತೊಡಗುವುದು ಹೊಸ ಸಂಗತಿಯೇನಲ್ಲ. ಸ್ಪ್ಯಾನರ್ ಹಿಡಿಯುವ ಮುನ್ನ, ದೋಷ ಕಾಣಿಸಿದಾಗ ಎಂಜಿನ್ ಬಿಸಿಯಿತ್ತೇ, ಮಳೆಯಿತ್ತೇ, ಗಾಡಿ ಕುಲುಕುತ್ತಿತ್ತೇ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಕುಲುಕಿದಾಗ ದೀಪ ಮಂಕಾಗುವುದು, ಒಂದು ಸಲ ತಿರುಗಿದ ಸ್ಟಾರ್ಟರ್ ಮರುಸಲ ಟಕ್ ಎಂದು ಸುಮ್ಮನಾಗುವುದು, ಮೀಟರಿನ ಮುಳ್ಳು ಕುಣಿಯುವುದು ಇವೆಲ್ಲ ಕಂಡರೆ ನಾನು ಮೊದಲು ಅನುಮಾನಿಸುವುದು ಅರ್ಥ್ ವೈರನ್ನು, ಅಂದರೆ ಬ್ಯಾಟರಿಯ ನೆಗೆಟಿವ್ ಕಂಬವನ್ನು ಎಂಜಿನ್ ಮತ್ತು ಗಾಡಿಯ ಲೋಹದ ಮೈಗೆ ಜೋಡಿಸುವ ತಂತಿಯನ್ನು. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದು, ಮತ್ತೊಬ್ಬರಿಂದ ಸ್ಟಾರ್ಟರ್ ತಿರುಗಿಸಿದಾಗ 0.5 ವೋಲ್ಟ್‌ಗಿಂತ ಹೆಚ್ಚು ತೋರಿದರೆ ಆ ದಾರಿಯಲ್ಲಿ ತುಕ್ಕೋ ಸಡಿಲವೋ ಇದೆಯೆಂದೇ ಅರ್ಥ. ಆ ವೈರು ಕೂಡುವ ಜಾಗದ ಬಣ್ಣ ಮತ್ತು ತುಕ್ಕನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವಷ್ಟು ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಹೊಸ ಬ್ಯಾಟರಿಗೆ ಹಣ ಸುರಿದ ಮೇಲೆ ನನಗೆ ಈ ಬುದ್ಧಿ ಬಂದಿತು.

ಏರಿನಲ್ಲಿ ಮಾತ್ರ ಎಂಜಿನ್ ಉಸಿರು ಕಟ್ಟಿದಂತಾಗಿ ನಿಲ್ಲುವುದಾದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಬಿರುಕುಬಿಟ್ಟ ಪೈಪು ಗಾಳಿ ಎಳೆಯುತ್ತಿರಬಹುದು. ಸೋರದಿದ್ದರೂ ಪೈಪು ಗಾಳಿ ಎಳೆಯಬಲ್ಲುದು. ಆದ್ದರಿಂದ ಅನುಮಾನವಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಪಾರದರ್ಶಕ ಪೈಪು ಜೋಡಿಸಿ ಗುಳ್ಳೆಗಳನ್ನು ನೋಡುವುದು ಒಳ್ಳೆಯದು.

ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಅದೇ ಏರಿನಲ್ಲಿ ಓಡಿಸಿ ನೋಡಿ ಪುಸ್ತಕದಲ್ಲಿ ಗುರುತಿಸಿರಿ.