ಬೀಟಾ ನಂಬದೆ ಕಟ್ಟಿದ ಆಂಪ್ಲಿಫೈಯರ್: ಬಿ.ಸಿ. 547 ಜೊತೆ ನನ್ನ ಅನುಭವ

ಜೇನುಪೆಟ್ಟಿಗೆಯೊಳಗಿನ ಸದ್ದನ್ನು ಹತ್ತಿರದಿಂದ ಕೇಳಬೇಕು ಅಂತ ನನಗೆ ಬಹಳ ದಿನದ ಆಸೆ. ಮುಚ್ಚಳ ತೆಗೆದು ನೋಡಿದರೆ ತುಡುವೆ ಜೇನಿಗೆ ಕಿರಿಕಿರಿ. ಪದೇ ಪದೇ ತೆಗೆದರಂತೂ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹೋದರೂ ಹೋಯಿತು. ರಾಣಿ ಇಲ್ಲದ ಪೆಟ್ಟಿಗೆಯ ಗುಂಯ್ ಸದ್ದೇ ಬೇರೆ ಅಂತ ಜೇನು ಸಾಕುವವರು ಹೇಳುವುದನ್ನು ಕೇಳಿದ್ದೆ. ಹಾಗಾಗಿ ಒಂದು ಕಂಡೆನ್ಸರ್ ಮೈಕ್ ಒಳಗಿಟ್ಟು, ಹೊರಗೆ ಇಯರ್‌ಫೋನಿನಲ್ಲಿ ಕೇಳುವ ಪುಟ್ಟ ಆಂಪ್ಲಿಫೈಯರ್ ಮಾಡಿಕೊಂಡೆ. ಇಡೀ ಸರ್ಕ್ಯೂಟ್ ಒಂದೇ ಚಿಪ್ಪಿನಲ್ಲಿ ಸಿಗುವ ಐಸಿ ಹಾಕಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಪ್ರತಿ ವೋಲ್ಟ್ ಎಲ್ಲಿ ಬೀಳುತ್ತದೆ, ಯಾಕೆ ಬೀಳುತ್ತದೆ ಅಂತ ನನಗೆ ನೋಡಬೇಕಿತ್ತು. ಅದಕ್ಕೆ ಎರಡು ಬಿ.ಸಿ. 547 ಟ್ರಾನ್ಸಿಸ್ಟರ್ ಸಾಕಾದವು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡವರಿಗೆ ಈ ಟ್ರಾನ್ಸಿಸ್ಟರ್ ಗೊತ್ತೇ ಇರುತ್ತದೆ. ಕರಿ ಪ್ಲಾಸ್ಟಿಕ್ಕಿನದು, ಮೂರು ಕಾಲು, ಒಂದು ಕಡೆ ಚಪ್ಪಟೆ. ಕಲೆಕ್ಟರ್–ಎಮಿಟರ್ ನಡುವೆ 45 ವೋಲ್ಟ್ ತಡೆಯುತ್ತದೆ, ಕರೆಂಟ್ 100 ಮಿಲಿಆಂಪಿಯರ್ ಮೀರಬಾರದು. ಚಪ್ಪಟೆ ಮುಖ ನಮ್ಮ ಕಡೆಗಿಟ್ಟು, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ನೋಡಲು ಹೀಗೇ ಇದ್ದರೂ ಅದರ ಕಾಲುಗಳ ಕ್ರಮ ಉಲ್ಟಾ. ಅಂಗಡಿಯವರು ಇದರ ಬದಲು ಅದನ್ನು ಕೊಟ್ಟರೆ ತಗೊಳ್ಳಿ, ಕೆಲಸ ಮಾಡುತ್ತದೆ. ತಿರುಗಿಸಿ ಹಾಕುವುದನ್ನು ಮಾತ್ರ ಮರೆಯಬೇಡಿ.

ಈಗ ಮುಖ್ಯ ವಿಷಯ. ಪಾಠದಲ್ಲಿ ನಮಗೆ ಮೊದಲು ಹೇಳಿಕೊಡುವುದು ಬೀಟಾ. ಬೇಸಿಗೆ ಕೊಟ್ಟ ಕರೆಂಟಿನ ಇಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಅನ್ನುವ ಲೆಕ್ಕ ಅದು. ಸುಳ್ಳಲ್ಲ, ಆದರೆ ಅದನ್ನು ನಂಬಿ ಸರ್ಕ್ಯೂಟ್ ಕಟ್ಟುವುದು ತಪ್ಪು. ಬೀಟಾ ನೋಡಿ 547ನ್ನು ಎ, ಬಿ, ಸಿ ಅಂತ ಗುಂಪು ಮಾಡಿರುತ್ತಾರೆ. ಬಿ ಗುಂಪೊಂದರಲ್ಲೇ ಬೀಟಾ 200ರಿಂದ 450ರವರೆಗೆ ಇರಬಹುದು. ಎ ಗುಂಪು 110ರಿಂದ ಶುರು, ಸಿ ಗುಂಪು 800ರವರೆಗೆ ಹೋಗುತ್ತದೆ. 9 ವೋಲ್ಟ್ ಬ್ಯಾಟರಿ, ಕಲೆಕ್ಟರಿಗೆ 4.7 ಕಿಲೋಓಮ್ ರೆಸಿಸ್ಟರ್, ಬೇಸಿಗೆ ಸುಮ್ನೆ ಒಂದು 2.2 ಮೆಗಾಓಮ್ ಎಳೆದು ಬಿಟ್ಟೆವು ಅಂದುಕೊಳ್ಳಿ. ಬೇಸಿಗೆ ಸುಮಾರು 3.8 ಮೈಕ್ರೋಆಂಪಿಯರ್ ಹೋಗುತ್ತದೆ. ಬೀಟಾ 200 ಇದ್ದರೆ ಕಲೆಕ್ಟರ್ 5.4 ವೋಲ್ಟಿನಲ್ಲಿ ಚೆಂದಾಗಿ ನಿಲ್ಲುತ್ತದೆ. ಅದೇ ಪೊಟ್ಟಣದ ಇನ್ನೊಂದರಲ್ಲಿ 450 ಇದ್ದರೆ ಬರೀ 1 ವೋಲ್ಟಿಗೆ ಇಳಿಯುತ್ತದೆ. ಸ್ವಲ್ಪ ಜೋರು ಸದ್ದು ಬಂದರೂ ಅಲೆಯ ಕೆಳಭಾಗ ಕತ್ತರಿಸಿ ಹೋಗಿ ಧ್ವನಿ ಒಡೆಯುತ್ತದೆ. ಒಬ್ಬರ ಸರ್ಕ್ಯೂಟ್ ಇನ್ನೊಬ್ಬರ ಕೈಯಲ್ಲಿ ನಡೆಯದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ನಾನು ಮಾಡಿದ್ದು ಇಷ್ಟು. ಪ್ಲಸ್‌ನಿಂದ ಬೇಸಿಗೆ 47 ಕಿಲೋಓಮ್, ಬೇಸ್‌ನಿಂದ ಗ್ರೌಂಡಿಗೆ 10 ಕಿಲೋಓಮ್. ಇವೆರಡೂ ಸೇರಿ ಬೇಸನ್ನು ಸುಮಾರು 1.55 ವೋಲ್ಟಿನಲ್ಲಿ ಹಿಡಿದಿಡುತ್ತವೆ. ಬೇಸ್–ಎಮಿಟರ್ ನಡುವೆ 0.65 ಕಳೆದರೆ ಎಮಿಟರಿನಲ್ಲಿ 0.9 ವೋಲ್ಟ್. ಎಮಿಟರಿನ ಕೆಳಗೆ ಹೆಚ್ಚುಕಡಿಮೆ 1 ಕಿಲೋಓಮ್ ಇದ್ದರೆ ಕರೆಂಟ್ 0.9 ಮಿಲಿಆಂಪಿಯರ್. ಅದು ಕಲೆಕ್ಟರಿನ 4.7 ಕಿಲೋಓಮಿನಲ್ಲಿ 4.2 ವೋಲ್ಟ್ ಬೀಳಿಸುತ್ತದೆ. ಕಲೆಕ್ಟರ್ 4.8ರಲ್ಲಿ, ನಟ್ಟನಡುವೆ. ಇಷ್ಟು ಲೆಕ್ಕದಲ್ಲಿ ಬೀಟಾ ಎಲ್ಲೂ ಬರಲೇ ಇಲ್ಲ, ಗಮನಿಸಿದಿರಾ?

ಎಮಿಟರಿನ ರೆಸಿಸ್ಟರ್ ಮಾಡುವ ಕೆಲಸ ನನಗೆ ಈಗಲೂ ಖುಷಿ ಕೊಡುತ್ತದೆ. ಕರೆಂಟ್ ಹೆಚ್ಚಾಯಿತು ಅನ್ನಿ. ಆ ರೆಸಿಸ್ಟರಿನ ಮೇಲೆ ವೋಲ್ಟೇಜ್ ಏರುತ್ತದೆ, ಎಮಿಟರ್ ಮೇಲೆ ಬರುತ್ತದೆ. ಬೇಸ್ ಮಾತ್ರ ಅಲ್ಲೇ ನಿಂತಿದೆ. ಎರಡರ ನಡುವಿನ ವೋಲ್ಟೇಜ್ ಕಡಿಮೆಯಾಗಿ ಕರೆಂಟ್ ತಾನಾಗಿಯೇ ಇಳಿಯುತ್ತದೆ. ಬಿಸಿಲಿಗೆ ಟ್ರಾನ್ಸಿಸ್ಟರ್ ಕಾದಾಗಲೂ ಇದೇ ಕಾಪಾಡುತ್ತದೆ. ಬೇಸ್–ಎಮಿಟರ್ ವೋಲ್ಟೇಜ್ ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 20 ಡಿಗ್ರಿ ಏರಿದರೂ ಬರೀ 40 ಮಿಲಿವೋಲ್ಟ್. ಎಮಿಟರಿನ 900 ಮಿಲಿವೋಲ್ಟಿನ ಮುಂದೆ ಅದು ದೊಡ್ಡದಲ್ಲ. ಬ್ರೆಡ್‌ಬೋರ್ಡಿನಲ್ಲಿ ಎ, ಬಿ, ಸಿ ಮೂರೂ ಗುಂಪಿನ 547ಗಳನ್ನು ಒಂದೊಂದಾಗಿ ಹಾಕಿ, ಕಲೆಕ್ಟರಿಗೆ ಮಲ್ಟಿಮೀಟರ್ ಇಟ್ಟು ನೋಡಿದೆ. ಮುಳ್ಳು 4.7 ಮತ್ತು 4.9ರ ನಡುವೆಯೇ ಇತ್ತು. ಯಾವುದನ್ನು ಹಾಕಿದರೂ ಅದೇ ಕೆಲಸ.

ಇನ್ನು ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು. ಎಮಿಟರಿನ ಪೂರ್ತಿ 1 ಕಿಲೋಓಮನ್ನು ಹಾಗೇ ಬಿಟ್ಟರೆ ಗೇನ್ ಸುಮಾರು 4.6 ಅಷ್ಟೆ. ಪೂರ್ತಿಗೆ ಅಡ್ಡಲಾಗಿ ಕೆಪಾಸಿಟರ್ ಕಟ್ಟಿದರೆ 160 ದಾಟುತ್ತದೆ. ಆದರೆ ಆಗ ಗೇನ್ ನಿಂತಿರುವುದು ಟ್ರಾನ್ಸಿಸ್ಟರಿನ ಒಳಗಿನ 28 ಓಮಿನ ಮೇಲೆ. ಸಿಗ್ನಲ್ ಏರಿಳಿದಂತೆ ಅದೂ ಬದಲಾಗಿ ಧ್ವನಿ ಕೆಡುತ್ತದೆ. ಅದಕ್ಕೇ ಒಂದು ರೆಸಿಸ್ಟರನ್ನು ಎರಡು ಮಾಡಿದೆ. ಎಮಿಟರಿಗೆ ಮೊದಲು 100 ಓಮ್, ಅದರ ಕೆಳಗೆ 910 ಓಮ್. ಕೆಪಾಸಿಟರ್ 910ಕ್ಕೆ ಮಾತ್ರ. ಗೇನ್ 36 ಆಯಿತು, ಸದ್ದೂ ಶುದ್ಧ. ಆ ಕೆಪಾಸಿಟರ್ 100 ಮೈಕ್ರೋಫ್ಯಾರಡ್ ಇದ್ದಾಗ 13 ಹರ್ಟ್ಜ್‌ವರೆಗಿನ ಎಲ್ಲವೂ ಕಿವಿಗೆ ಬಂತು. ಗಾಳಿಯ ಭರಭರ, ಪೆಟ್ಟಿಗೆಗೆ ಕೈ ತಾಗಿದ ದಡದಡ ಎಲ್ಲ ಜೋರು. ಜೇನಿನ ಸದ್ದಿನ ಬಹುಪಾಲು ಕೆಲವು ನೂರು ಹರ್ಟ್ಜ್‌ಗಳಲ್ಲಿ ಇರುತ್ತದೆ. ಹಾಗಾಗಿ ಕೆಪಾಸಿಟರನ್ನು 22 ಮೈಕ್ರೋಫ್ಯಾರಡಿಗೆ ಇಳಿಸಿದೆ. 60 ಹರ್ಟ್ಜ್ ಕೆಳಗಿನದು ತಗ್ಗಿತು, ಗುಂಯ್ ಸದ್ದು ಎದ್ದು ಕೇಳಿತು.

ಈ ಕಲೆಕ್ಟರಿಗೆ ನೇರವಾಗಿ ಇಯರ್‌ಫೋನ್ ಕಟ್ಟಿದರೆ ಏನೂ ಕೇಳುವುದಿಲ್ಲ. ಇಯರ್‌ಫೋನ್ 32 ಓಮ್, ಇಲ್ಲಿರುವುದು 4.7 ಕಿಲೋಓಮ್. ಎರಡನೆಯ 547 ಬೇಕಾಗಿದ್ದು ಇದಕ್ಕೆ, ಎಮಿಟರ್ ಫಾಲೋಯರ್ ಆಗಿ, ಅಂದರೆ ವೋಲ್ಟೇಜ್ ಹೆಚ್ಚಿಸದೆ ಹೆಚ್ಚು ಕರೆಂಟ್ ಮಾತ್ರ ಒದಗಿಸುವ ಹಂತವಾಗಿ. ಅದರ ಬೇಸ್ ಮೊದಲನೆಯದರ ಕಲೆಕ್ಟರಿಗೆ ನೇರ, ಕಲೆಕ್ಟರ್ ಪ್ಲಸ್‌ಗೆ, ಎಮಿಟರಿನಿಂದ ಗ್ರೌಂಡಿಗೆ 470 ಓಮ್. ಅಲ್ಲಿ ಸುಮಾರು 8.8 ಮಿಲಿಆಂಪಿಯರ್ ಹರಿಯುತ್ತದೆ. 220 ಮೈಕ್ರೋಫ್ಯಾರಡ್ ಮೂಲಕ ಇಯರ್‌ಫೋನಿನ ಒಂದು ಕಿವಿಗೆ ಕೊಟ್ಟೆ. ಧ್ವನಿ ಒಡೆಯದೆ ಸಿಗುವುದು ಸುಮಾರು 1 ಮಿಲಿವ್ಯಾಟ್. ಕೇಳಲು ಕಡಿಮೆ ಅನ್ನಿಸುತ್ತದೆ ಅಲ್ವಾ? ಕಿವಿಯೊಳಗೆ ಇಟ್ಟುಕೊಂಡಾಗ ಅದೇ ಜಾಸ್ತಿ. ಹಾಗಾಗಿ ಮೈಕಿನ ನಂತರ, ಸದ್ದನ್ನು ಮೊದಲ ಬೇಸಿಗೆ ಒಯ್ಯುವ ಕೆಪಾಸಿಟರಿಗೂ ಮುಂಚೆ 10 ಕಿಲೋಓಮಿನ ವಾಲ್ಯೂಮ್ ಹಾಕಿದ್ದೇನೆ. ಮೈಕಿಗೂ ಆ ವಾಲ್ಯೂಮಿಗೂ ನಡುವೆ ಇನ್ನೊಂದು ಕೆಪಾಸಿಟರ್ ಇರಲಿ, ಇಲ್ಲದಿದ್ದರೆ ಅದನ್ನು ತಿರುಗಿಸುವಾಗ ಕರಕರ ಅನ್ನುತ್ತದೆ.

ಗಲಾಟೆ ಮಾಡುವುದು ಹೆಚ್ಚಾಗಿ ಸುತ್ತಮುತ್ತಲಿನ ವಿಷಯಗಳು. ಮೈಕಿಗೆ ಹೋಗುವ ಪ್ಲಸ್ ದಾರಿಯಲ್ಲಿ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಇರಲೇಬೇಕು. ಆಮೇಲೆ 4.7 ಕಿಲೋಓಮ್ ಮೂಲಕ ಮೈಕ್. ಇದಿಲ್ಲದಿದ್ದರೆ ಬ್ಯಾಟರಿ ಹಳೆಯದಾದಂತೆ ಇಯರ್‌ಫೋನಿನಲ್ಲಿ ಟಪ್ ಟಪ್ ಟಪ್ ಅಂತ ಶುರುವಾಗುತ್ತದೆ. ಔಟ್‌ಪುಟ್ಟಿನ ಏರಿಳಿತ ಬ್ಯಾಟರಿಯ ಮೂಲಕವೇ ಮೈಕಿಗೆ ವಾಪಸ್ ಬರುತ್ತದೆ. ಬ್ಯಾಟರಿಗೆ ಅಡ್ಡಲಾಗಿಯೂ ಒಂದು 100 ಮೈಕ್ರೋಫ್ಯಾರಡ್ ಹಾಕಿ. ಪಕ್ಕದಲ್ಲಿ ಮೊಬೈಲ್ ಇದ್ದರೆ ಬರುವ ಗರಗರಕ್ಕೂ ಮದ್ದಿದೆ. ಈ ಟ್ರಾನ್ಸಿಸ್ಟರ್ ನೂರಾರು ಮೆಗಾಹರ್ಟ್ಜ್‌ವರೆಗೂ ಚುರುಕು, ರೇಡಿಯೋ ಅಲೆಗಳನ್ನೂ ಹಿಡಿದುಬಿಡುತ್ತದೆ. ಬೇಸ್–ಎಮಿಟರ್ ನಡುವೆ, ಕಾಲುಗಳ ಬುಡದಲ್ಲೇ, 220 ಪೈಕೋಫ್ಯಾರಡ್ ಸಾಲ್ಡರ್ ಮಾಡಿದರೆ ಬಹಳಷ್ಟು ತಗ್ಗುತ್ತದೆ. ಮೈಕಿನ ವೈರ್ ಶೀಲ್ಡ್ ಇರುವುದೇ ಆಗಬೇಕು.

ಮೈಕನ್ನು ಸಣ್ಣ ಕಣ್ಣಿನ ಜಾಲರಿಯೊಳಗೆ ಕಟ್ಟಿ ಚೌಕಟ್ಟುಗಳ ಮೇಲೆ ಇಟ್ಟಿದ್ದೇನೆ. ಬೆರಳಿನಿಂದ ಪೆಟ್ಟಿಗೆ ತಟ್ಟಿದರೆ ಒಮ್ಮೆಲೇ ಹಿಸ್ ಅಂತ ಏಳುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಆ ಇಳಿಯುವ ರೀತಿಯನ್ನೇ ನಾನು ಈಗ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಲಿಸಿ ಬರೆದಿಡುತ್ತಿದ್ದೇನೆ. ಬ್ಯಾಟರಿ 7 ವೋಲ್ಟಿಗೆ ಇಳಿದರೂ ಕಲೆಕ್ಟರ್ ಸುಮಾರು 4.3ರಲ್ಲಿ ನಿಲ್ಲುತ್ತದೆ, ಸದ್ದು ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ.

ನಾಲ್ಕು ಜನ ಒಟ್ಟಿಗೆ ಕೇಳಲು 8 ಓಮಿನ ಸ್ಪೀಕರ್ ಬೇಕು ಅನ್ನುವವರು ಎರಡನೆಯ 547ರಿಂದ ಅದನ್ನು ನಿರೀಕ್ಷಿಸಬೇಡಿ. 8.8 ಮಿಲಿಆಂಪಿಯರ್ 8 ಓಮಿನಲ್ಲಿ ಬರೀ 70 ಮಿಲಿವೋಲ್ಟ್ ಆಗುತ್ತದೆ. ಮೊದಲ ಹಂತ ಹಾಗೇ ಇರಲಿ. ಅದರ ಕಲೆಕ್ಟರಿನಿಂದ 1 ಮೈಕ್ರೋಫ್ಯಾರಡ್ ಮೂಲಕ ಇನ್ನೊಂದು 10 ಕಿಲೋಓಮ್ ವಾಲ್ಯೂಮಿಗೆ ಕೊಟ್ಟು, ಅಲ್ಲಿಂದ ಸ್ಪೀಕರ್ ನಡೆಸುವ ಪುಟ್ಟ ಆಂಪ್ಲಿಫೈಯರ್ ಐಸಿ ಎಲ್‌ಎಂ386ಕ್ಕೆ ಹೋಗಿ. ಸ್ಪೀಕರನ್ನು ಮಾತ್ರ ಪೆಟ್ಟಿಗೆಯಿಂದ ದೂರ ಇಡಿ, ಇಲ್ಲದಿದ್ದರೆ ಮೈಕ್ ಅದನ್ನೇ ಮತ್ತೆ ಹಿಡಿದು ಕುಂಯ್ ಅನ್ನತೊಡಗುತ್ತದೆ.