ಹೋಮರ್‌ನ 13 ಡಾಲರ್ ಮತ್ತು ನಮ್ಮ ಬೀದಿಯ ನಾಟಕ

ನಮ್ಮ ಬೀದಿಯ ಗಣೇಶನ ಹಬ್ಬಕ್ಕೆ ವರ್ಷಕ್ಕೊಂದು ಕಿರುನಾಟಕ ಬರೆಯೋದು ನನ್ನ ಪಾಲಿನ ಕೆಲಸ. ಒಂದು ವರ್ಷ ಸದಾ ಕಿತ್ತಾಡುವ ಮನೆಯೊಂದರ ಕಥೆ ಬರೆದಿದ್ದೆ. ತುಂಬಾ ಜೋಕು. ರಿಹರ್ಸಲ್‌ನಲ್ಲಿ ಐದು ನಿಮಿಷ ಎಲ್ಲರೂ ನಕ್ಕರು, ಆಮೇಲೆ ಸುಮ್ಮನಾದರು. ಅಜ್ಜನ ಪಾತ್ರದವರು ಕೇಳಿದರು: "ಇಷ್ಟು ಬೈದಾಡ್ಕೊಂಡು ಇವರೆಲ್ಲ ಒಂದೇ ಮನೇಲಿ ಯಾಕಿದಾರೆ?"

ಆ ಪ್ರಶ್ನೆ ಇಟ್ಟುಕೊಂಡೇ 'ದಿ ಸಿಂಪ್ಸನ್ಸ್' ಅನ್ನೋ ಟಿವಿ ಕಾರ್ಟೂನ್ ಸರಣಿಯ ಮೊದಲ ಪೂರ್ಣ ಎಪಿಸೋಡ್ ನೋಡಿದೆ. ಅಮೆರಿಕದಲ್ಲಿ 1989ರ ಡಿಸೆಂಬರ್ 17ರಂದು ಬಂದ ಕ್ರಿಸ್‌ಮಸ್ ಕಥೆ ಅದು. ನಿಲ್ಲಿಸಿ ನಿಲ್ಲಿಸಿ ನೋಡಿದೆ. ನೋಟ್‌ಬುಕ್ಕಿನಲ್ಲಿ ದುಡ್ಡಿನ ಲೆಕ್ಕ ಮಾತ್ರ ಬರೆದುಕೊಂಡೆ.

ಮಗ ಬಾರ್ಟ್ ತೋಳಿನ ಮೇಲೆ 'ಮದರ್' (Mother) ಅಂತ ಹಚ್ಚೆ ಹಾಕಿಸಿಕೊಳ್ಳೋಕೆ ಹೋಗುತ್ತಾನೆ. ಅಮ್ಮ ಮಾರ್ಜ್ ಅರ್ಧಕ್ಕೇ ಎಳೆದೊಯ್ಯುತ್ತಾಳೆ. ತೋಳಲ್ಲಿ ಉಳಿದದ್ದು 'ಮಾತ್' (Moth), ಅಂದ್ರೆ ಪತಂಗ! ಅದನ್ನು ತೆಗೆಸೋಕೆ ಹಬ್ಬಕ್ಕೆ ಕೂಡಿಟ್ಟ ಹಣವೆಲ್ಲ ಖರ್ಚು. ಅಪ್ಪ ಹೋಮರ್‌ಗೆ ಬೋನಸ್ ಬರುತ್ತಲ್ಲ ಅನ್ನೋದು ಅವಳ ಧೈರ್ಯ. ಆದ್ರೆ ಅವನು ಕೆಲಸ ಮಾಡೋ ಅಣು ಸ್ಥಾವರದ ಧಣಿ ಬರ್ನ್ಸ್ ಆ ಸಲ ಬೋನಸ್ ಕೊಡಲ್ಲ. ಮನೆಯಲ್ಲಿ ಹೇಳೋಕೆ ಹೋಮರ್‌ಗೆ ಬಾಯಿ ಬರಲ್ಲ. ಗುಟ್ಟಾಗಿ ಮಾಲ್‌ನಲ್ಲಿ ಸಾಂತಾ ವೇಷ ಹಾಕುತ್ತಾನೆ. ಕಡಿತವೆಲ್ಲ ಕಳೆದು ಕೈಗೆ ಸಿಕ್ಕಿದ್ದು 13 ಡಾಲರ್. ಅದನ್ನೂ ನಾಯಿ ರೇಸಿನಲ್ಲಿ ಕಟ್ಟುತ್ತಾನೆ. ಆ ನಾಯಿ ಕೊನೆಗೆ ಬರುತ್ತೆ, ಯಜಮಾನ ಅದನ್ನು ಅಟ್ಟುತ್ತಾನೆ. ಅದನ್ನೇ ಮನೆಗೆ ಕರೆತರುತ್ತಾರೆ. ಮನೆಯವರಿಗೆಲ್ಲ ಎಷ್ಟು ಖುಷಿ ಅಂತೀರಿ!

ಇಲ್ಲಿ ಯಾವ ಎಡವಟ್ಟೂ ಸುಮ್ನೆ ಆಗಿಲ್ಲ. ಒಂದರ ಬಾಲ ಹಿಡಿದು ಇನ್ನೊಂದು. ಹಚ್ಚೆ ಕೂಡ ಅಮ್ಮನ ಹೆಸರಿಗೇ, ಅಲ್ವಾ? ಅಜ್ಜನ ಪ್ರಶ್ನೆಗೆ ಉತ್ತರ ಸಿಕ್ಕಿತು: ಇವರು ಎಡವೋದೂ ಒಬ್ಬರ ಮೇಲೊಬ್ಬರಿಗಿರೋ ಪ್ರೀತಿಯಿಂದಲೇ.

ನಾಟಕವನ್ನು ಮೊದಲಿಂದ ಬರೆದೆ. ಮಗಳ ಶಾಲೆ ಟ್ರಿಪ್ಪಿಗೆ ದುಡ್ಡು ಸಾಲದೆ ಅಪ್ಪ ಮಿಕ್ಸಿ ಮಾರುತ್ತಾನೆ, ರಿಪೇರಿಗೆ ಕೊಟ್ಟಿದ್ದೀನಿ ಅಂತಾನೆ. ಅಮ್ಮ ಒರಳಲ್ಲಿ ರುಬ್ಬಿ ಕೈನೋವು ಅಂತಾಳೆ. ಅದನ್ನು ನೋಡಲಾಗದೆ ಮಗಳು ಟ್ರಿಪ್ಪಿನ ದುಡ್ಡಲ್ಲೇ ಸೆಕೆಂಡ್‌ಹ್ಯಾಂಡ್ ಮಿಕ್ಸಿ ತರುತ್ತಾಳೆ. ಎಷ್ಟೋ ಜೋಕು ಹೊಡೆದುಹಾಕಿದೆ. ಇದಕ್ಕೆ ಅವು ಬೇಕಿರಲಿಲ್ಲ.

ಹಬ್ಬದ ರಾತ್ರಿ ಮಗಳು ಮಿಕ್ಸಿಯನ್ನು ಮೇಜಿನ ಮೇಲಿಟ್ಟಳು. ಅಮ್ಮ ಬಿಗಿದಿದ್ದ ಕೆಂಪು ರಬ್ಬರ್ ಬ್ಯಾಂಡ್ ಜಾರಿನ ಮುಚ್ಚಳಕ್ಕೆ ಹಾಗೇ ಇತ್ತು. ಅಪ್ಪನ ಕಣ್ಣು ಅಲ್ಲೇ ನಿಂತಿತು. ಜನ ನಕ್ಕರು. ಮುಂದಿನ ಸಾಲಿನಿಂದ ಅಜ್ಜಿಯೊಬ್ಬರು ಎದ್ದು ಕೂಗಿದರು: "ಅಯ್ಯೋ, ಅವಳಿಗೆ ಹೇಳ್ಬೇಡಪ್ಪಾ!"